ಎಲಿವೇಶನ್ ಆಮೇಲೆ ನೋಡೋಣ

ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋದರೆ ಹೊಸ ಮನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ನಮೂನೆ. ಚಪ್ಪಟೆ ತಾರಸಿ, ಬಿಳಿ-ಬೂದು ಬಣ್ಣ, ಎದುರಿಗೆ ಉದ್ದದ ಗಾಜು. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬರುವ ಊರು ನಮ್ಮದು. ಗೋಡೆಗೆ ಪಾಚಿ ಹಿಡಿಯಲು ಎಷ್ಟು ಹೊತ್ತು? ಆಮೇಲೆ ತಾರಸಿ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟ್ ಹಾಕುತ್ತಾರೆ. ಕೊನೆಗೆ ಇಳಿಮಾಡೇ, ಅಂದರೆ ಇಳಿಜಾರು ಛಾವಣಿಯೇ ಬೇಕಾಯಿತು, ಅಲ್ವಾ?

ನಾವು ಕಟ್ಟಲಿರುವ ಮನೆಯ ಎಲಿವೇಶನ್, ಅಂದರೆ ಹೊರನೋಟ, ತೋರಿಸಲು ಬಂದ ತ್ರೀಡಿ ಚಿತ್ರವೂ ಹಾಗೇ ಇತ್ತು. ಚೆಂದವಿತ್ತು, ಸುಳ್ಳು ಹೇಳಬಾರದು. ಆದರೆ ಅಡಿಕೆ ಹರವಲು ಅಂಗಳವಿಲ್ಲ. ಒದ್ದೆ ಕೊಡೆ ಇಡಲು ಮೂಲೆಯಿಲ್ಲ. ಸಿಟೌಟಿನಲ್ಲಿ ಎರಡು ಕುರ್ಚಿ ಹಾಕಿದರೆ ಮುಗಿಯಿತು. ಅಪ್ಪ ವೀಳ್ಯದ ಹರಿವಾಣ ಇಟ್ಟುಕೊಂಡು ಕಾಲು ಚಾಚುವುದೆಲ್ಲಿ? ಚಿತ್ರ ಬದಿಗಿಟ್ಟು, ಮನೆಯಲ್ಲಿ ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆ ಎಂದು ಬರೆಯುತ್ತಾ ಕೂತೆ. ಉದ್ದ ಜಗಲಿ, ಹಲಸು ಕೊಯ್ದು ಹಪ್ಪಳ ಮಾಡುವಷ್ಟು ದೊಡ್ಡ ವರ್ಕ್ ಏರಿಯಾ, ಪಡು ಬದಿಗೆ ಮುಂದಕ್ಕೆ ಚಾಚಿದ ಮಾಡು: ಪ್ಲಾನ್ ಅಲ್ಲಿಂದ ಹುಟ್ಟಿತು.

ಗೋಡೆಗೆ ಮುರಕಲ್ಲೇ, ಅಂದರೆ ಜಂಬಿಟ್ಟಿಗೆ ಕಲ್ಲು. ಕೋರೆಯಲ್ಲಿ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಬೇಕಲ ಕೋಟೆ ಕಟ್ಟಿದ್ದೂ ಈ ಕಲ್ಲಿನಲ್ಲೇ. ಅದರ ಮೇಲೆ ಸಿಮೆಂಟ್ ಮೆತ್ತಿ, ಮತ್ತೆ ಕಲ್ಲಿನ ಡಿಸೈನಿನ ಟೈಲ್ಸ್ ಅಂಟಿಸುವುದು ನನಗಂತೂ ಅರ್ಥವೇ ಆಗುವುದಿಲ್ಲ. ನಾವು ಪ್ಲಾಸ್ಟರ್ ಇಲ್ಲದೆ ಬಿಡುತ್ತೇವೆ, ಆದರೆ ಮಾಡಿನ ಮರೆಯಿರುವ ಕಡೆ ಮಾತ್ರ. ನೇರ ಎರಚಲು ಹೊಡೆದರೆ ಈ ಕಲ್ಲು ನೀರು ಕುಡಿಯುತ್ತದೆ.

ಒಂದೇ ಕಡೆ, ಮೇಲೆ ನೀರಿನ ಟ್ಯಾಂಕ್ ಬರುವಲ್ಲಿ, ಸ್ಲ್ಯಾಬ್ ಹಾಕುತ್ತೇವೆ. ಅದಕ್ಕೆ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬ್. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣದ ಸರಳು, ಅಲ್ಲಿ ಕಾಂಕ್ರೀಟಿಗೆ ದೊಡ್ಡ ಕೆಲಸವಿಲ್ಲ. ಹಾಗಾಗಿ ಸರಳುಗಳ ನಡುವೆ ಹಳೆ ಮಂಗಳೂರು ಹಂಚು ಕೂರಿಸಬಹುದು. ಸಿಮೆಂಟ್ ಉಳಿಯುತ್ತದೆ, ಭಾರವೂ ಕಮ್ಮಿ. ಮೇಸ್ತ್ರಿಗೆ ನಂಬಿಕೆ ಬರಲಿಲ್ಲ. "ಹಂಚು ಮಾಡಿನ ಮೇಲೆ ಇರುವುದಲ್ವಾ, ಒಳಗೆ ಯಾಕೆ?" ಎಂದರು. ಸರಳಿನ ಅಂತರದ ಲೆಕ್ಕ ಇಂಜಿನಿಯರೇ ಬರೆದುಕೊಟ್ಟ ಮೇಲೆ ಸುಮ್ಮನಾದರು.

ಮಾಡರ್ನ್ ಬೇಡವೆಂದಲ್ಲ. ಬಾತ್‌ರೂಮು ಒಳಗೇ ಇರುತ್ತದೆ, ಮೂಡು ಬದಿಗೆ ದೊಡ್ಡ ಗಾಜಿನ ಕಿಟಕಿಯೂ ಇದೆ. ತಮ್ಮನಿಗೆ ಮಾತ್ರ ಎಲಿವೇಶನ್ ಇನ್ನೂ ಸಪ್ಪೆ. ಅವನ ಕೋಣೆಯ ಒಂದು ಗೋಡೆಗೆ ಬೂದು ಬಣ್ಣ ಬಳಿಯಲು ಒಪ್ಪಿದ್ದೇನೆ, ಒಳಬದಿಗೆ.