ಅವ್ವನ ಹೆಬ್ಬೆರಳು

ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿದ ಅವ್ವ ಇಳಿಯುವಾಗ ಎಡವಿದಳು. ಗಂಗಾವತಿಗೆ ಮರಳುವಷ್ಟರಲ್ಲಿ ಹೆಬ್ಬೆರಳ ಉಗುರಿನಡಿ ರಕ್ತ ಹೆಪ್ಪುಗಟ್ಟಿ ನೇರಳೆ ಹಣ್ಣಿನ ಬಣ್ಣ ಬಂದಿತ್ತು. "ಉಗುರು ತಾನೇ, ಅರಿಶಿನ ಹಚ್ಚಿದರಾಯಿತು" ಎಂದಳು. ಅವಳಿಗೆ ಸಕ್ಕರೆ ಕಾಯಿಲೆ. ನನ್ನ ಎದೆ ಧಸಕ್ಕೆಂದಿತು. ಈ ಕಾಯಿಲೆಯವರ ಪಾದಕ್ಕೆ ನೋವು ಸರಿಯಾಗಿ ತಿಳಿಯದಿರಬಹುದು, ಗಾಯವೂ ಬೇಗ ಮಾಯುವುದಿಲ್ಲ. ಅಂದೇ ಸಂಜೆ ವೈದ್ಯರ ಬಳಿ ಕರೆದೊಯ್ದೆ. ಎಕ್ಸ್-ರೇ ನೋಡಿ ಮೂಳೆ ಮುರಿದಿಲ್ಲ ಎಂದರು. ಚರ್ಮ ಕಿತ್ತಿದ್ದರಿಂದ ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರು. ಅಲುಗಾಡುವ ಉಗುರನ್ನು ಕೀಳಬಾರದು, ಸೀರೆಯಂಚಿಗೆ ಸಿಕ್ಕುವಷ್ಟನ್ನು ಮಾತ್ರ ಕತ್ತರಿಸಬೇಕು. ಊತ, ಬಿಸಿ, ಕೀವು ಕಂಡರೆ ತಡಮಾಡದೆ ಬನ್ನಿ ಎಂದರು.

ಈಗ ನಾಲ್ಕು ತಿಂಗಳು. ರಾತ್ರಿ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತೇನೆ. ಬುಡದಿಂದ ಅಕ್ಕಿಕಾಳಿನ ಉದ್ದದಷ್ಟು ಹೊಸ ಉಗುರು ಬಂದಿದೆ, ಕಪ್ಪು ಕಲೆ ಅಷ್ಟೇ ಮುಂದೆ ಸರಿದಿದೆ. ಪೂರ್ತಿ ಬೆಳೆಯಲು ವರ್ಷದ ಮೇಲೆಯೇ ಬೇಕು. ಪೆಟ್ಟೇ ಬೀಳದೆ ಕಪ್ಪು ಗೆರೆ ಮೂಡಿದರೆ, ಕಲೆ ಮುಂದೆ ಸರಿಯದೆ ನಿಂತರೆ, ದಯವಿಟ್ಟು ವೈದ್ಯರಿಗೆ ತೋರಿಸಿ.

ನನ್ನನ್ನು ಹೊತ್ತು ತಿರುಗಿದ ಕಾಲುಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಹಿಮ್ಮಡಿಯ ಬಿರುಕಿಗೂ ಈಗ ಎಣ್ಣೆ ಹಚ್ಚುತ್ತಿದ್ದೇನೆ.