ಸೇನಾ ದಾಖಲೆಯಲ್ಲಿ ನನ್ನ ಹೆಂಡತಿಯ ಹೆಸರು

ನನ್ನ ಹೆಂಡತಿಯ ಹೆಸರು ರತ್ನಮ್ಮ. ಮತದಾರರ ಚೀಟಿ, ಪಡಿತರ ಚೀಟಿ, ಆಧಾರ್, ಪಹಣಿ, ಹಾಲಿನ ಡೇರಿಯ ಪಾಸ್‌ಪುಸ್ತಕ, ಎಲ್ಲ ಕಡೆಯೂ ಆಕೆ ರತ್ನಮ್ಮನೇ. ಆದರೆ ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ನನ್ನ ಡಿಸ್ಚಾರ್ಜ್ ಪುಸ್ತಕದಲ್ಲಿ ಮತ್ತು ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ನಾವೆಲ್ಲ ಪಿಪಿಒ ಎನ್ನುವ ಕಾಗದದಲ್ಲಿ, ಆಕೆ ‘ರತ್ನಾ ದೇವಿ’. ಮದುವೆಯ ರಜೆ ಮುಗಿಸಿ ಯೂನಿಟ್ಟಿಗೆ ಮರಳಿದ ಮೇಲೆ ನಾನು ಕೊಟ್ಟ ಅರ್ಜಿಯನ್ನು ಆಧರಿಸಿ ಪಾರ್ಟ್ ಟೂ ಆರ್ಡರ್, ಅಂದರೆ ಮದುವೆಯಂಥ ವಿವರಗಳನ್ನು ಸೈನಿಕನ ದಾಖಲೆಗೆ ಸೇರಿಸುವ ಆದೇಶ, ಹೊರಟಿತು. ಅದನ್ನು ಟೈಪು ಮಾಡಿದ ಗುಮಾಸ್ತನ ಊರಿನಲ್ಲಿ ಹೆಂಗಸರ ಹೆಸರೆಲ್ಲ ದೇವಿಯಲ್ಲೇ ಮುಗಿಯುತ್ತಿದ್ದವೋ ಏನೋ, ಚಿಂತಾಮಣಿ ತಾಲ್ಲೂಕಿನ ರತ್ನಮ್ಮ ಒಂದೇ ಸಾಲಿನಲ್ಲಿ ಉತ್ತರ ಭಾರತದವಳಾಗಿಬಿಟ್ಟಳು.

ಸೇವೆಯಲ್ಲಿ ಇರುವಷ್ಟು ಕಾಲ ಇದರಿಂದ ಯಾವ ತೊಂದರೆಯೂ ಆಗಲಿಲ್ಲ. ಸಂಬಳ ನನ್ನ ಹೆಸರಿಗೆ ಬರುತ್ತಿತ್ತು, ನಿವೃತ್ತಿಯ ನಂತರ ಪಿಂಚಣಿಯೂ ನನ್ನ ಹೆಸರಿಗೇ ಬರುತ್ತಿದೆ. ಈ ವ್ಯತ್ಯಾಸ ಕೆಲಸ ಮಾಡತೊಡಗುವುದು ನಾನು ಸತ್ತ ಮರುದಿನದಿಂದ. ಆಗ ಕುಟುಂಬ ಪಿಂಚಣಿ ಕೇಳಬೇಕಾದವಳು ರತ್ನಮ್ಮ, ಕೊಡಬೇಕಾಗಿರುವುದು ರತ್ನಾ ದೇವಿಗೆ. ಇಬ್ಬರೂ ಒಬ್ಬಳೇ ಎಂದು ಹೇಳಬಲ್ಲ ಮುಖ್ಯ ಸಾಕ್ಷಿಯೇ ಇಲ್ಲವಾದ ಹೊತ್ತಿನಲ್ಲಿ ಆಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಬಾಗೇಪಳ್ಳಿ ಕಡೆಯ ನಮ್ಮ ಹಳೆಯ ಸಹೋದ್ಯೋಗಿಯೊಬ್ಬರ ಪತ್ನಿಗೆ ಆದದ್ದು ಇದೇ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡುವ ಆ ಹೆಂಗಸಿನ ಕೈಗೆ ಬಂದ ಪತ್ರಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅದನ್ನು ನೋಡಿದ ಮೇಲೆಯೇ ನಾನು ತಿದ್ದುಪಡಿಯ ಅರ್ಜಿಗೆ ಕೂತದ್ದು.

ನಮ್ಮ ಸೀಮೆಯ ಹೆಸರುಗಳೇ ಇಂಥ ಗೊಂದಲಕ್ಕೆ ಹೇಳಿ ಮಾಡಿಸಿದಂತಿವೆ. ಒಬ್ಬನೇ ಮನುಷ್ಯ ಶಾಲೆಯಲ್ಲಿ ವೆಂಕಟರಮಣಪ್ಪ, ಊರಲ್ಲಿ ವೆಂಕಟರವಣಪ್ಪ. ಹೆಸರಿನ ಮುಂದಿನ ಇನಿಷಿಯಲ್ಲುಗಳಲ್ಲಿ ಒಂದು ಊರಿನದು, ಒಂದು ತಂದೆಯದು. ಭರ್ತಿಯ ನಮೂನೆಯಲ್ಲಿ ಮನೆತನದ ಹೆಸರು ಎಂಬ ಖಾನೆ ಬಂದಾಗ ಕೆಲವರಿಗೆ ಊರೇ ಮನೆತನವಾಯಿತು, ಕೆಲವರಿಗೆ ಅಪ್ಪ. ವಿಳಾಸದ ಕಥೆ ಇನ್ನೂ ಸ್ವಾರಸ್ಯದ್ದು. 1973ಕ್ಕೆ ಮೊದಲು ಸೇರಿದ ಹಿರಿಯರ ಕಡತದಲ್ಲಿ ರಾಜ್ಯದ ಹೆಸರು ಮೈಸೂರು. ಪಿನ್‌ಕೋಡು ಬಂದದ್ದೇ 1972ರಲ್ಲಿ, ಹಾಗಾಗಿ ಆ ಕಾಲದವರ ವಿಳಾಸದಲ್ಲಿ ಅದೂ ಇಲ್ಲ. ನಾನು ಸೇರಿದಾಗ ಚಿಂತಾಮಣಿ ಕೋಲಾರ ಜಿಲ್ಲೆಯಲ್ಲಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ ಮೇಲೆ ನಾನು ಮನೆ ಬದಲಿಸದೆಯೇ ಜಿಲ್ಲೆ ಬದಲಿಸಿದವನಾದೆ. ಜಿಲ್ಲೆಯ ಈ ವ್ಯತ್ಯಾಸಕ್ಕೆ ಯಾರೂ ಗಾಬರಿಯಾಗಬೇಕಿಲ್ಲ, ಈಗಿನ ವಿಳಾಸ ಕೊಟ್ಟರೆ ಸಾಕು. ಹೆಸರು ಮತ್ತು ಹುಟ್ಟಿದ ದಿನಾಂಕದ ವಿಷಯ ಹಾಗಲ್ಲ.

ಹೆಂಡತಿಯ ಹುಟ್ಟಿದ ದಿನಾಂಕವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ. 30. ಪಿಂಚಣಿದಾರರಿಗೆ ಇರುವಂತೆಯೇ ಕುಟುಂಬ ಪಿಂಚಣಿದಾರರಿಗೂ 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50 ಹೆಚ್ಚುವರಿ ಸಿಗುತ್ತದೆ, ನೂರು ತುಂಬಿದರೆ ಪಿಂಚಣಿ ಇಮ್ಮಡಿಯಾಗುತ್ತದೆ. ಆದರೆ ವಯಸ್ಸು ಎಷ್ಟೆಂದು ದಾಖಲೆ ಹೇಳಬೇಕು. ನನ್ನ ಪಿಪಿಒದಲ್ಲಿ ಆ ಜಾಗ ಖಾಲಿಯಿತ್ತು. ರತ್ನಮ್ಮನ ಆಧಾರಿನಲ್ಲಿ ಇದ್ದದ್ದು ಜನವರಿ 1, ದಿನಾಂಕ ಗೊತ್ತಿಲ್ಲದ ನಮ್ಮ ಹಳ್ಳಿಯ ಅರ್ಧ ಜನ ಹುಟ್ಟಿದ ದಿನ. ಆಕೆ ನಾಲ್ಕನೆಯ ತರಗತಿಯವರೆಗೆ ಓದಿದ ಶಾಲೆಯ ದಾಖಲಾತಿ ವಹಿ ಅದೃಷ್ಟಕ್ಕೆ ಗೆದ್ದಲ ಬಾಯಿಗೆ ಸಿಕ್ಕಿರಲಿಲ್ಲ. ಮುಖ್ಯೋಪಾಧ್ಯಾಯರು ಅಂಚು ಪುಡಿಯಾಗುತ್ತಿದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿ ಮಗುಚಿ, ನೀಲಿ ಮಸಿಯಲ್ಲಿ ಬರೆದಿದ್ದ ಆ ಸಾಲನ್ನು ಹುಡುಕಿ, ದೃಢೀಕೃತ ನಕಲು ಕೊಟ್ಟರು. ಆಧಾರನ್ನು ಆಮೇಲೆ ಅದಕ್ಕೆ ಹೊಂದಿಸಿಕೊಂಡೆವು. ವಯಸ್ಸು ನಿರ್ಧರಿಸುವಾಗ ಆಧಾರಿಗಿಂತ ಶಾಲೆಯ ಪ್ರಮಾಣಪತ್ರಕ್ಕೆ ಹೆಚ್ಚು ತೂಕ ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇನ್ನು ಅರ್ಜಿ ಯಾರಿಗೆ ಎಂಬ ಪ್ರಶ್ನೆ. ಬ್ಯಾಂಕಿನವರನ್ನು ಬೈದು ಫಲವಿಲ್ಲ, ಅವರ ಕೈಯಲ್ಲಿ ಇದು ಇಲ್ಲ. ಪಿಂಚಣಿ ಈಗ ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಗೆ ಹೋಗಿರುವುದರಿಂದ ಎಲ್ಲವನ್ನೂ ಅಲ್ಲೇ ತಿದ್ದಬಹುದೆಂದು ಹಲವರು ತಿಳಿದಿದ್ದಾರೆ. ಹೆಂಡತಿಯ ಹೆಸರಿನಂಥ ವಿಷಯ ಎಲ್ಲಿಂದ ಹೊರಟರೂ ಕೊನೆಗೆ ನಿಲ್ಲುವುದು ನಾವು ಸೇವೆ ಮಾಡಿದ ರೆಜಿಮೆಂಟ್ ಅಥವಾ ಕೋರಿನ ರೆಕಾರ್ಡ್ ಆಫೀಸಿನ ಮುಂದೆ. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಅದು ಬೆಂಗಳೂರಿನಲ್ಲೇ ಇದೆ. ಸಿಗ್ನಲ್ಸ್‌ನವರಿಗೆ ಜಬಲ್ಪುರ, ತೋಪಖಾನೆಯವರಿಗೆ ನಾಸಿಕ್, ವಾಹನ, ಯಂತ್ರಗಳ ದುರಸ್ತಿ ನೋಡುವ ಇಎಂಇಯವರಿಗೆ ಸಿಕಂದರಾಬಾದ್. ರೆಕಾರ್ಡ್ ಆಫೀಸು ತನ್ನ ಪುಸ್ತಕ ತಿದ್ದಿಕೊಂಡು ಬರೆದ ಮೇಲೆ ಪ್ರಯಾಗರಾಜದ ಪಿಂಚಣಿ ಲೆಕ್ಕಪತ್ರ ಕಚೇರಿ ತಿದ್ದುಪಡಿ ಪಿಪಿಒ ಹೊರಡಿಸುತ್ತದೆ. ಈ ಕ್ರಮ ಗೊತ್ತಿಲ್ಲದೆ ನಡುವಿನ ಯಾವುದೋ ಬಾಗಿಲು ತಟ್ಟಿದರೆ ವರ್ಷಗಳು ಕಳೆಯುತ್ತವೆ.

ನನ್ನ ಅರ್ಜಿಯನ್ನು ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿದೆ. ಮ್ಯಾಜಿಸ್ಟ್ರೇಟರ ಎದುರು ಮಾಡಿದ ಅಫಿಡವಿಟ್, ಒಂದು ಕನ್ನಡ ಮತ್ತು ಒಂದು ಇಂಗ್ಲಿಷ್ ಪತ್ರಿಕೆಯ ಪ್ರಕಟಣೆ, ಡಿಸ್ಚಾರ್ಜ್ ಪುಸ್ತಕ ಮತ್ತು ಪಿಪಿಒ ನಕಲು, ಜಂಟಿ ಭಾವಚಿತ್ರ, ಎಲ್ಲವೂ ಜೊತೆಗಿದ್ದವು. ಹಾಗಿದ್ದೂ ಕಡತ ಒಮ್ಮೆ ಮರಳಿ ಬಂತು. ವಕೀಲರ ಗುಮಾಸ್ತರು ಬರೆದ ಅಫಿಡವಿಟ್ಟಿನಲ್ಲಿ ‘ಹೆಸರು ಬದಲಾಯಿಸಿಕೊಂಡಿದ್ದಾರೆ’ ಎಂದಿತ್ತು. ಹಾಗೆಂದರೆ ಆಕೆ ಒಂದು ಕಾಲಕ್ಕೆ ನಿಜಕ್ಕೂ ರತ್ನಾ ದೇವಿಯಾಗಿದ್ದಳು, ಆಮೇಲೆ ಹೆಸರು ಬದಲಿಸಿದಳು ಎಂದಾಗುತ್ತದೆ. ಅದಕ್ಕೆ ಕೇಳುವ ದಾಖಲೆಗಳೇ ಬೇರೆ. ಎರಡನೆಯ ಸಲ ನಾನೇ ಕೂತು ಬರೆದೆ: ಈಕೆಯ ಹೆಸರು ಹುಟ್ಟಿನಿಂದ ರತ್ನಮ್ಮ, ಸೇನಾ ದಾಖಲೆಯಲ್ಲಿ ರತ್ನಾ ದೇವಿ ಎಂದು ತಪ್ಪಾಗಿ ನಮೂದಾಗಿದೆ, ಎರಡೂ ಹೆಸರು ಸೂಚಿಸುವುದು ನನ್ನ ಏಕೈಕ ಧರ್ಮಪತ್ನಿಯನ್ನೇ. ಇಂಗ್ಲಿಷ್ ಕಾಗುಣಿತವನ್ನು ಪ್ರತಿ ಕಾಗದದಲ್ಲೂ ಒಂದೊಂದೇ ಅಕ್ಷರ ಹೋಲಿಸಿ ನೋಡಿದೆ, ಏಕೆಂದರೆ ಒಂದು ಕಡೆ ಒಂದು ಎಂ, ಇನ್ನೊಂದು ಕಡೆ ಎರಡು ಎಂ ಇದ್ದರೆ ಕೇಳುವವರು ಕೇಳಿಯೇ ಕೇಳುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಸತ್ತ ಸೈನಿಕನ ಪಿಂಚಣಿಗೆ ಇಬ್ಬರು ಹೆಂಡಿರು ಬಂದು ನಿಂತ ಪ್ರಕರಣಗಳನ್ನು ಅವರೂ ಕಂಡಿರುತ್ತಾರೆ.

ನಮ್ಮ ಮಾಜಿ ಸೈನಿಕರ ಸಭೆಗಳಲ್ಲಿ ತಮ್ಮದೇ ಜನ್ಮದಿನಾಂಕ ತಿದ್ದಿಸಬೇಕೆಂದು ಹಟ ಹಿಡಿಯುವವರೂ ಇದ್ದಾರೆ. ಭರ್ತಿಯ ಹೊತ್ತಿಗೆ ಮೇಷ್ಟರು ಒಂದೆರಡು ವರ್ಷ ಹೆಚ್ಚೋ ಕಡಿಮೆಯೋ ಬರೆದುಕೊಟ್ಟದ್ದು ನಿಜವಿರಬಹುದು. ಆದರೆ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರಿಗೇ ಅದು ಸಾಧ್ಯವಾಗಲಿಲ್ಲ. ಅವರ ದಾಖಲೆಯಲ್ಲಿ ಸೇನೆಯ ಒಂದು ಶಾಖೆ 1950 ಎಂದರೆ ಇನ್ನೊಂದು 1951 ಎನ್ನುತ್ತಿತ್ತು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಅರ್ಜಿ ಹಿಂಪಡೆದು ಅದೇ ಮೇ 31ರಂದು ಅವರು ನಿವೃತ್ತರಾದರು. ಸೇವೆಯ ಕೊನೆಗಾಲದಲ್ಲಿ ವಯಸ್ಸು ತಿದ್ದುವ ಬೇಡಿಕೆಯನ್ನು ಒಪ್ಪಲಾಗದೆಂದು ಅದೇ ನ್ಯಾಯಾಲಯ 1993ರ ಹರ್ನಾಮ್ ಸಿಂಗ್ ಪ್ರಕರಣದಲ್ಲೂ ಹೇಳಿತ್ತು. ಆ ಹಟಕ್ಕೆ ಖರ್ಚು ಮಾಡುವ ಹಣ ಮತ್ತು ಓಡಾಟವನ್ನು ಹೆಂಡತಿಯ ಹೆಸರಿಗೆ ವಿನಿಯೋಗಿಸಿ ಎಂದು ನಾನು ಹೇಳಿದಾಗ ಕೆಲವರು ಮುಖ ಊದಿಸಿಕೊಳ್ಳುತ್ತಾರೆ.

ತಿದ್ದುಪಡಿ ಪಿಪಿಒ ಕೈಸೇರಿದ ಮೇಲೆ ಮಾಜಿ ಸೈನಿಕರ ಚಿಕಿತ್ಸಾ ಯೋಜನೆಯಾದ ಇಸಿಎಚ್‌ಎಸ್ ಕಾರ್ಡನ್ನೂ ಬ್ಯಾಂಕಿನ ಜಂಟಿ ಖಾತೆಯನ್ನೂ ಅದಕ್ಕೆ ಸರಿಯಾಗಿ ಹೊಂದಿಸಿದ್ದಾಯಿತು. ನನ್ನ ತಾಯಿ ಮುನಿಯಮ್ಮನ ಹೆಸರು ಮಾತ್ರ ಸೇನೆಯ ಕಡತದಲ್ಲಿ ಇಂದಿಗೂ ‘ಮುನ್ನಿ ಅಮ್ಮ’ ಎಂದೇ ಇದೆ. ಆಕೆ ತೀರಿಕೊಂಡು ಬಹಳ ಕಾಲವಾಯಿತು, ಆ ಸಾಲಿನ ಮೇಲೆ ಯಾರ ಹಕ್ಕೂ ನಿಂತಿಲ್ಲ. ಅದಕ್ಕಾಗಿ ಮತ್ತೆ ಅರ್ಜಿ ಹಾಕಲು ಹೋಗಲಿಲ್ಲ.