ಒಂದೂವರೆ ಗ್ರಾಂ ಚಿನ್ನದ ಮೇಲೆ ಅಪ್ಪ, ಮಗ

ಹನ್ನೊಂದನೆಯ ಪುಟ ಮುಗಿಯಿತು. ವಸ್ತುಸಂಗ್ರಹಾಲಯಗಳು ಪ್ರಕಟಿಸಿರುವ ಫೋಟೋಗಳನ್ನು ನೋಡಿ, ಹಿಂದೆ ಸ್ಪೇನನ್ನು ಆಳಿದ ಜರ್ಮನಿಕ್ ಜನರಾದ ವಿಸಿಗೋತರ ರಾಜರ ಚಿನ್ನದ ನಾಣ್ಯಗಳನ್ನು ಹತ್ತುಪಟ್ಟು ಹಿಗ್ಗಿಸಿ ಪೆನ್ಸಿಲ್‌ನಲ್ಲಿ ಬಿಡಿಸುತ್ತಿದ್ದೇನೆ. ಕೊಳ್ಳುವ ಶಕ್ತಿ ನನಗಿಲ್ಲ. ಇದ್ದರೂ ಧೈರ್ಯ ಸಾಲದು. ಬೆಕರ್ ಎಂಬ ಜರ್ಮನ್ ಕುಶಲಕರ್ಮಿ ಇನ್ನೂರು ವರ್ಷಗಳ ಹಿಂದೆಯೇ ಇವುಗಳ ನಕಲಿ ಅಚ್ಚುಗಳನ್ನು ಕೆತ್ತಿಟ್ಟು ಹೋಗಿದ್ದಾನೆ.

ನಾಣ್ಯದ ಹೆಸರು ಟ್ರೆಮಿಸ್ಸಿಸ್. ರೋಮನ್ನರ ಚಿನ್ನದ ನಾಣ್ಯ ಸಾಲಿಡಸ್‌ನ ಮೂರನೆಯ ಒಂದು ಭಾಗ, ತೂಕ ಸುಮಾರು ಒಂದೂವರೆ ಗ್ರಾಂ. ಮೊದಮೊದಲು ವಿಸಿಗೋತರು ಇವುಗಳ ಮೇಲೆ ತಮ್ಮ ಹೆಸರನ್ನೇ ಹಾಕಲಿಲ್ಲ. ಮುಖಬದಿಯಲ್ಲಿ ರೋಮನ್ ಚಕ್ರವರ್ತಿಯ ಹೆಸರು, ಹಿಂಬದಿಯಲ್ಲಿ ರೆಕ್ಕೆಯ ವಿಜಯದೇವತೆ. ನಕಲಿನ ನಕಲು ಆಗುತ್ತ ಆಗುತ್ತ ಆಕೆ ಎಷ್ಟು ಸೊರಗಿದ್ದಾಳೆಂದರೆ, ನಾಲ್ಕನೆಯ ಪುಟದಲ್ಲಿ ನಾನು ಅವಳನ್ನು ಯಾವುದೋ ಮಿಡತೆ ಎಂದುಕೊಂಡು ತಲೆಕೆಳಗಾಗಿ ಬಿಡಿಸಿದ್ದೆ. ಅಳಿಸಿಲ್ಲ, ಇರಲಿ.

ಈ ತಿಂಗಳನ್ನು ಲಿಯೊವಿಗಿಲ್ಡ್ (ಆಳ್ವಿಕೆ 568–586) ಪೂರ್ತಿ ನುಂಗಿದ. ನಾಣ್ಯದಲ್ಲಿ ತನ್ನದೇ ಹೆಸರು ಕೆತ್ತಿಸಿದ ಮೊದಲ ವಿಸಿಗೋತ್ ರಾಜ ಇವನು. ಅದರ ಲ್ಯಾಟಿನ್ ಬರಹ ಓದುವುದೇ ಕಷ್ಟ: ‘ಯು’ ಬರುವಲ್ಲೆಲ್ಲ ‘ವಿ’ ಆಕಾರ, ಎಷ್ಟೋ ಕಡೆ ‘ಎ’ಗೆ ಅಡ್ಡಗೆರೆಯೇ ಇಲ್ಲ. ಎರಡು ಸಂಜೆ ಹೆಣಗಿದ ಮೇಲೆ ಒಂದು ಹಿಂಬದಿ ಬಾಯಿಬಿಟ್ಟಿತು: ‘ಕೊರ್ಡೊಬಾ ಬಿಸ್ ಒಪ್ಟಿನುಯಿಟ್’, ಸ್ಪೇನಿನ ಕೊರ್ಡೊಬಾ ನಗರವನ್ನು ಎರಡು ಬಾರಿ ಗೆದ್ದ. ಮೊದಲ ಬಾರಿ 572ರಲ್ಲಿ. ಎರಡನೆಯ ಬಾರಿ 584ರಲ್ಲಿ, ದಂಗೆಯೆದ್ದ ಸ್ವಂತ ಮಗ ಹೆರ್ಮೆನೆಗಿಲ್ಡ್‌ನ ಕೈಯಿಂದ.

ಮಗನೂ ನಾಣ್ಯ ಹೊರಡಿಸಿದ್ದ. ಅದರಲ್ಲಿ ‘ರೆಗಿ ಆ ದೆಯೊ ವೀಟಾ’ ಎಂದಿದೆ: ರಾಜನಿಗೆ ದೇವರು ಆಯುಸ್ಸು ಕೊಡಲಿ. 585ರಲ್ಲಿ ತರಗೋನಾದಲ್ಲಿ ಅವನ ಕೊಲೆಯಾಯಿತು. ಇವೆರಡನ್ನೂ ಎದುರುಬದುರು ಪುಟಗಳಲ್ಲಿ ಬಿಡಿಸಿದ್ದೇನೆ. ಪುಸ್ತಕ ಮುಚ್ಚಿದರೆ ಅಪ್ಪ, ಮಗ ಮುಖಾಮುಖಿಯಾಗುತ್ತಾರೆ. ಮಗನ ಪುಟದಲ್ಲಿ ಅಕ್ಷರಗಳ ನಡುವಿನ ಅಂತರ ತಪ್ಪಿದೆ, ಮತ್ತೊಮ್ಮೆ ಬಿಡಿಸಬೇಕು.

ಮುಂದೆ ನೂರು ವರ್ಷ ಹಾರಿ ಇನ್ನೊಬ್ಬ ವಿಸಿಗೋತ್ ರಾಜ ಎಗಿಕಾನ ಬಳಿಗೆ. ಅವನೂ ಮಗ ವಿಟಿಝಾನೂ ಒಂದೇ ನಾಣ್ಯದಲ್ಲಿ, ನಡುವೆ ಶಿಲುಬೆ ಇಟ್ಟುಕೊಂಡು ನಿಂತಿದ್ದಾರೆ. ಚಿನ್ನ ಮಾತ್ರ ಆ ಹೊತ್ತಿಗೆ ಚೆನ್ನಾಗಿ ಕಲಬೆರಕೆಯಾಗಿತ್ತು.